ಎರಡು ಗುಂಡಿಯ ಚಿಲಕ

ಗೋಡೆಯ ತುಂಬ ಹಳದಿ, ಗುಲಾಬಿ, ಹಸಿರು ಚೀಟಿಗಳು. ನಮಗೆ ಸೃಜನಶೀಲತೆ ಕಲಿಸಲು ಕಂಪನಿ ಕರೆಸಿದ್ದ ತರಬೇತುದಾರ ಅವುಗಳ ಮುಂದೆ ನಿಂತು ಚಪ್ಪಾಳೆ ತಟ್ಟುತ್ತಿದ್ದ.

"ಇಲ್ಲಿ ಕೆಟ್ಟ ಐಡಿಯಾ ಅಂತ ಯಾವುದೂ ಇಲ್ಲ! ಮನಸ್ಸು ಬಿಚ್ಚಿ ಬರೀರಿ!"

ನಲವತ್ತಾರು ವರ್ಷದ ನನ್ನ ಕೈಗೆ ಒಂದು ಸ್ಕೆಚ್ ಪೆನ್ನು ಕೊಟ್ಟು, ನೆಲದ ಮೇಲೆ ದಿಂಬು ಹಾಕಿ ಕೂರಿಸಿದ್ದರು. ಮಂಡಿ ನೋಯುತ್ತಿತ್ತು, ಮೈ ಉರಿಯುತ್ತಿತ್ತು. ಸೃಜನಶೀಲತೆ ಅಂದರೆ ಬಣ್ಣದ ಚೀಟಿ ಎಂದು ಈ ಪುಣ್ಯಾತ್ಮನಿಗೆ ಯಾರು ಹೇಳಿಕೊಟ್ಟರೋ! ಪಕ್ಕದವನು ಚೀಟಿಯ ಮೇಲೆ "ಹಾಡುವ ಮಂಚ" ಎಂದು ಬರೆದ. ಅದಕ್ಕೂ ಚಪ್ಪಾಳೆ ಬಿತ್ತು.

ನಮ್ಮದು ಆಸ್ಪತ್ರೆಯ ಮಂಚ ತಯಾರಿಸುವ ಕಂಪನಿ. ನಾನು ಹದಿನೆಂಟು ವರ್ಷದಿಂದ ಅಲ್ಲಿ ಡಿಸೈನ್ ಇಂಜಿನಿಯರ್. ಆಫೀಸಿನವರು ನನಗೆ ಇಟ್ಟ ಹೆಸರು ಮೆಣಸಿನಕಾಯಿ. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇಲ್ಲ, ಆದರೆ ನನ್ನ ಕಿವಿ ಚುರುಕು.

ರೋಗಿ ಉರುಳಿ ಬೀಳದಂತೆ ಮಂಚದ ಪಕ್ಕಕ್ಕೆ ಮೇಲೆತ್ತುವ ರೇಲಿಂಗ್ ಇರುತ್ತದಲ್ಲ, ನಮ್ಮ ಮಂಚದಲ್ಲಿ ಅದರ ಚಿಲಕ ನನ್ನದು. ರೇಲಿಂಗಿನ ಹೊರಮೈಯಲ್ಲಿ ಎರಡು ಗುಂಡಿ, ನಡುವೆ ಎರಡು ಅಡಿ ಅಂತರ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರೇಲಿಂಗ್ ಕೆಳಗಿಳಿಯುತ್ತದೆ. ಒಂದನ್ನು ಯಾರಾದರೂ ಅಪ್ಪಿತಪ್ಪಿ ಒತ್ತಿದರೆ ಏನೂ ಆಗುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅದಕ್ಕೆ ವರ್ಷದ ಅತ್ಯಂತ ಸೃಜನಶೀಲ ವಿನ್ಯಾಸ ಎಂಬ ಬಹುಮಾನ ಬಂತು. ಆ ಗಾಜಿನ ಫಲಕ ನಮ್ಮ ಮನೆಯ ಕಪಾಟಿನ ಮೇಲೆ ಈಗಲೂ ಇದೆ. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂದು ನಾನೇ ಬಾಗಿಲಿನ ಎದುರಿಗೆ ಇಟ್ಟಿದ್ದು.

ಹಿಂದಿನ ವಾರ ಒಂದು ಆಸ್ಪತ್ರೆಯಲ್ಲಿ, ಮಟಮಟ ಮಧ್ಯಾಹ್ನ, ಹೊಟ್ಟೆಯ ಆಪರೇಷನ್ ಆಗಿದ್ದ ದರ್ಜಿ ಹೆಂಗಸೊಬ್ಬಳು ಮಗ್ಗುಲು ಬದಲಿಸಲು ರೇಲಿಂಗ್ ಹಿಡಿದುಕೊಂಡಳು. ರೇಲಿಂಗ್ ಧಡಕ್ಕನೆ ಕುಸಿಯಿತು. ಅವಳೂ ಬಿದ್ದಳು, ಸೊಂಟದ ಮೂಳೆ ಮುರಿಯಿತು. ನೋಡಿದರೆ, ಒಂದು ಗುಂಡಿಯನ್ನು ಬ್ಯಾಂಡೇಜ್ ಬಟ್ಟೆಯಿಂದ ಒತ್ತಿ ಕಟ್ಟಿಬಿಟ್ಟಿದ್ದರು. ಅವಳ ಬೆರಳು ತಾಗಿದ್ದು ಇನ್ನೊಂದಕ್ಕೆ.

ಕಟ್ಟಿದವಳು ಆ ವಾರ್ಡಿನ ನರ್ಸ್. ಆ ನರ್ಸ್ ನನ್ನ ತಂಗಿ.

ಚೀಟಿ ಅಂಟಿಸುವ ಆಟ ಮುಗಿದ ಮೇಲೆ ಕಂಪನಿಯ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆದರು.

"ಗುರುವಾರ ಆಸ್ಪತ್ರೇಲಿ ವಿಚಾರಣೆ ಇದೆ. ನಮ್ಮಿಂದ ಒಂದು ವರದಿ ಕೇಳಿದಾರೆ. ಚಿಲಕದಲ್ಲಿ ದೋಷ ಇಲ್ಲ, ಸಿಬ್ಬಂದಿ ಕೆಡಿಸಿದಾರೆ ಅಂತ ಟೈಪ್ ಮಾಡ್ಸಿದೀನಿ. ಡಿಸೈನ್ ನಿಮ್ದು, ನೀವೇ ಸೈನ್ ಹಾಕ್ಬೇಕು."

"ಸರ್, ಆ ನರ್ಸ್ ನನ್ನ ತಂಗಿ."

ಅವರ ಮುಖ ಅರಳಿತು. "ಹೌದಾ? ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಸ್ವಂತ ಅಕ್ಕನೇ ಬರೆದ್ರೆ ಯಾರೂ ಅನುಮಾನ ಪಡಲ್ಲ."

ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎತ್ತಿ ಬಿಸಾಡಬೇಕು ಅನ್ನಿಸಿತು. ಬಿಸಾಡಲಿಲ್ಲ. ನಿಜ ಹೇಳುತ್ತೇನೆ, ಆ ಹೊತ್ತಿಗೆ ಅವರಿಗಿಂತ ತಂಗಿಯ ಮೇಲೇ ನನಗೆ ಹೆಚ್ಚು ಸಿಟ್ಟಿತ್ತು. ಇವಳಿಗೇನು ಬಂದಿತ್ತು ದೊಡ್ಡ ರೋಗ? ನಾನು ಒಂದೂವರೆ ವರ್ಷ ತಲೆ ಕೆಡಿಸಿಕೊಂಡು ಮಾಡಿದ ಚಿಲಕವನ್ನು ಒಂದು ಗೇಣು ಬಟ್ಟೆಯಲ್ಲಿ ಹಾಳು ಮಾಡಿದ್ದಾಳಲ್ಲ! ವರದಿಯನ್ನು ಚೀಲಕ್ಕೆ ಹಾಕಿಕೊಂಡು ನೇರ ಆಸ್ಪತ್ರೆಗೆ ಹೋದೆ, ಚೆನ್ನಾಗಿ ಬೈದು ಬರೋಣವೆಂದು.

ಉದ್ದನೆಯ ವಾರ್ಡು, ಇಪ್ಪತ್ತನಾಲ್ಕು ಮಂಚ, ಎಲ್ಲವೂ ನಮ್ಮವೇ. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬಾ, ಆಮೇಲೆ ನೋಡೋಣ ಎಂದಿದ್ದರಂತೆ ಅವಳಿಗೆ. ಇನ್ನೊಬ್ಬ ನರ್ಸ್ ಸಿಗುವವರೆಗೆ ದುಡಿಸಿಕೊಳ್ಳುವ ಬುದ್ಧಿ. ಕೆಲಸದಿಂದ ತೆಗೆದುಹಾಕಿದರೆ ಬೇರೆ ಯಾವ ಆಸ್ಪತ್ರೆಯೂ ಅವಳನ್ನು ಬಾಗಿಲ ಒಳಗೆ ಬಿಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳಿಗೆ ಗೊತ್ತಿರುವುದು ಇದೊಂದೇ ಕೆಲಸ.

"ನಿನ್ ತಲೆ ನೆಟ್ಟಗಿದೆಯೇನೆ?" ಎಂದೆ. "ಯಾರು ಹೇಳಿದ್ರು ನಿಂಗೆ ಅದನ್ನ ಕಟ್ಟು ಅಂತ?"

"ಮೆಲ್ಲಗೆ ಮಾತಾಡು. ಇದು ವಾರ್ಡು, ನಿನ್ ಆಫೀಸಲ್ಲ." ಅವಳ ದನಿ ತಣ್ಣಗಿತ್ತು. ಅವಳಿಗೆ ನನಗಿಂತ ಹೆಚ್ಚು ಸಿಟ್ಟು ಬಂದಾಗ ಹಾಗೇ ಆಗುತ್ತದೆ. "ಬೈಯೋದು ಆಮೇಲೆ. ಮೊದ್ಲು ಇಲ್ಲಿ ಬಾ."

ಒಂಬತ್ತನೇ ಮಂಚದ ಮೇಲೆ ಒಬ್ಬ ಮುದುಕರಿದ್ದರು. ಬಸ್ ಡ್ರೈವರ್ ಆಗಿದ್ದವರು, ಈಗ ಬಲಭಾಗಕ್ಕೆ ಲಕ್ವ ಹೊಡೆದಿದೆ.

"ತಾತಾ, ಇವ್ಳು ನಮ್ಮಕ್ಕ. ಒಂಚೂರು ನಿಮ್ಮನ್ನ ಹಿಡ್ಕೋತಾಳೆ, ಪರವಾಗಿಲ್ವಾ?"

"ಹಿಡ್ಕೊಳ್ಳಲಿ ಬಿಡಮ್ಮ. ಓಡಿಹೋಗೋಕೆ ನಂಗೇನು ಕಾಲು ನೆಟ್ಟಗಿದ್ಯಾ?"

ತಂಗಿ ಅವರನ್ನು ಮಗ್ಗುಲಿಗೆ ತಿರುಗಿಸಿ, ರೇಲಿಂಗಿನ ಮೇಲಿಂದ ನನ್ನ ಎಡಗೈಯನ್ನು ಎಳೆದು ಅವರ ಭುಜದ ಮೇಲಿಟ್ಟಳು. ಭಾರ ಮಣಿಕಟ್ಟಿಗೆ ಬಂತು.

"ಇವ್ರಿಗೆ ವಾಂತಿ ಬರ್ತಿದೆ ಅಂದ್ಕೋ. ನೀನು ಭುಜ ಬಿಟ್ರೆ ಅಂಗಾತ ಬೀಳ್ತಾರೆ, ವಾಂತಿ ಶ್ವಾಸಕ್ಕೆ ಹೋಗುತ್ತೆ. ಬಿಡೋಹಾಗಿಲ್ಲ. ಬೇಸಿನ್ ಹಿಡಿಯೋಕೆ ಈಗ ರೇಲಿಂಗ್ ಇಳ್ಸು."

ಬಲಗೈಯಿಂದ ಒಂದು ಗುಂಡಿ ಒತ್ತಿದೆ. ಇನ್ನೊಂದು ಎರಡು ಅಡಿ ದೂರದಲ್ಲಿತ್ತು. ಮೊಣಕೈ ಚಾಚಿದೆ, ಜಾರಿತು. ಬಗ್ಗಿ ಗಲ್ಲದಿಂದ ಒತ್ತಲು ಹೋದೆ, ಕನ್ನಡಕ ನೆಲಕ್ಕೆ ಬಿತ್ತು. ಮಂಡಿ ಎತ್ತಿದೆ, ಒಂದೇ ಕಾಲಿನ ಮೇಲೆ ನಿಂತು ವಾಲಾಡಿದೆ. ಬೆವರು ಕಿತ್ತುಕೊಂಡು ಬಂತು.

"ಇಷ್ಟೊತ್ತಿಗೆ ರೋಗಿ ಹೋಗಿರ್ತಾರೆ" ಎಂದಳು ತಂಗಿ.

"ನಾನಿನ್ನೂ ಇದೀನಮ್ಮ" ಎಂದರು ತಾತ. "ಆದ್ರೆ ಇದನ್ನ ಮಾಡಿದೋನು ಯಾರೋ, ಅವ್ನನ್ನ ಕರ್ಕೊಂಡು ಬನ್ನಿ ಒಂದ್ಸಲ."

ನನ್ನ ಕಡೆ ನೋಡುತ್ತಲೇ ತಂಗಿ ಅವರ ಭುಜವನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

ಕನ್ನಡಕ ಎತ್ತಿಕೊಳ್ಳಲು ಬಗ್ಗಿದಾಗ ಕಣ್ಣಿನ ಮಟ್ಟಕ್ಕೇ ರೇಲಿಂಗಿನ ಸ್ಟಿಕ್ಕರ್ ಬಂತು. ಕೆಂಪು ಅಕ್ಷರ: ಎರಡೂ ಕೈಗಳನ್ನು ಬಳಸಿ.

"ಚಿಲಕ ತೆಗೆಯೋಕೆ ಆಗ್ತಿಲ್ಲ ಅಂತ ನಿಮ್ ಕಂಪನಿಗೆ ಮೂರು ಸಲ ಬರೆದ್ವಿ" ಎಂದಳು. "ಮೂರನೇ ಸಲಕ್ಕೆ ಈ ಸ್ಟಿಕ್ಕರ್ ಬಂತು. ನಮ್ಮ ಒಂದು ಕೈ ಯಾವಾಗ್ಲೂ ರೋಗಿ ಮೇಲಿರುತ್ತೆ ಕಣೇ. ಎರಡನೇ ಕೈ ಎಲ್ಲಿಂದ ತರೋದು?"

ಆ ಸ್ಟಿಕ್ಕರಿನ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನ ಮಾಡಿದ್ದು ನಾನೇ. ಯಾಕೆ ಬೇಕಾಯಿತು ಎಂದು ನಾನು ಕೇಳಿರಲಿಲ್ಲ.

ನಮ್ಮ ಪರೀಕ್ಷಾ ಕೊಠಡಿ ಕಣ್ಣ ಮುಂದೆ ಬಂತು. ಮಂಚದ ಮೇಲೆ ಮರಳು ತುಂಬಿದ ಬೊಂಬೆ ಮಲಗಿರುತ್ತದೆ. ನಾವೇ ಹೋಗಿ ಎರಡು ಹೆಬ್ಬೆರಳಿಂದ ಎರಡು ಗುಂಡಿ ಒತ್ತುತ್ತೇವೆ. ಗಡಿಯಾರ ಹಿಡಿದವನು "ಮೂರು ಸೆಕೆಂಡು" ಎನ್ನುತ್ತಾನೆ. ಪಾಸ್. ಮರಳಿನ ಬೊಂಬೆ ವಾಂತಿ ಮಾಡುವುದಿಲ್ಲ, ಅದನ್ನು ಯಾರೂ ಹಿಡಿದುಕೊಳ್ಳಬೇಕಾಗಿಲ್ಲ. ಮಂಚ ಹೇಗಿರಬೇಕು ಎಂಬ ನಮ್ಮ ಪಟ್ಟಿಯಲ್ಲಿ ನಲವತ್ತೆರಡು ಸಾಲಿತ್ತು. ಬಣ್ಣ ಎಷ್ಟು ದಪ್ಪ ಎಂದಿತ್ತು, ಸ್ಕ್ರೂ ಯಾವ ಅಳತೆ ಎಂದಿತ್ತು. ನರ್ಸಿನ ಕೈ ಎಲ್ಲಿರುತ್ತದೆ ಎಂದು ಒಂದು ಸಾಲೂ ಇರಲಿಲ್ಲ. ಪಟ್ಟಿ ಬರೆದವಳೂ ನಾನೇ.

"ಎಲ್ಲಾ ಮಂಚಕ್ಕೂ ಕಟ್ತೀವಿ, ಆಗ ಒಂದೇ ಕೈ ಸಾಕಾಗುತ್ತೆ" ಎಂದಳು ತಂಗಿ. "ಕಟ್ಟಿದ್ರೆ ಬೀಳಬಹುದು ಅಂತ ನಮಗೂ ಗೊತ್ತು. ರೋಗಿ ಸರಿಯಾಗಿ ಮಲಗಿದ ಮೇಲೆ ಬಿಚ್ತೀವಿ. ಆವತ್ತು ಇಪ್ಪತ್ನಾಲ್ಕು ಜನಕ್ಕೆ ನಾವಿಬ್ರೇ ಇದ್ದಿದ್ದು. ಒಂದನ್ನ ಬಿಚ್ಚೋಕೆ ಮರೆತೆ. ನಂದೂ ತಪ್ಪಿದೆ, ಇಲ್ಲ ಅನ್ನಲ್ಲ. ಆದ್ರೆ ನಂದೊಂದೇ ಅಲ್ಲ."

ಅಷ್ಟರಲ್ಲಿ ಯಾರೋ ಕೂಗಿದರು, ಅವಳು ಓಡಿದಳು. ನಾನು ಅಲ್ಲೇ ಸ್ಟೂಲ್ ಮೇಲೆ ಕುಳಿತೆ, ಸಂಜೆಯವರೆಗೂ ಏಳಲಿಲ್ಲ. ತಂಗಿ ಒಂದು ಕೈಯಲ್ಲಿ ಟ್ರೇ ಹಿಡಿದು ಸೊಂಟದಿಂದ ಬಾಗಿಲು ತಳ್ಳಿದಳು. ಕಾಲಿನಿಂದ ಕಸದ ಡಬ್ಬದ ಮುಚ್ಚಳ ತೆರೆದಳು. ಒಂದು ಮಗುವನ್ನು ಎತ್ತಿಕೊಂಡು ಮಂಡಿಯಿಂದ ಗಾಡಿಯನ್ನು ಗೋಡೆಗೆ ಸರಿಸಿದಳು. ಕೈ ಒಂದೇ ಇದ್ದರೂ ಅವಳಿಗೆ ಮಂಡಿ ಇತ್ತು. ಚೀಲದಿಂದ ಕಾಗದ ತೆಗೆದು ಗೀಚತೊಡಗಿದೆ. ರೇಲಿಂಗಿನ ಕೆಳಗೆ, ಹೊರಗಡೆ, ಅಡ್ಡಕ್ಕೆ ಒಂದು ಪಟ್ಟಿ. ಮಂಡಿಯಿಂದ ಒತ್ತಿದರೆ ಚಿಲಕ ಬಿಡಬೇಕು, ರೇಲಿಂಗ್ ಮೆಲ್ಲಗೆ ಇಳಿಯಬೇಕು, ಮಲಗಿದವರ ಕೈಗೆ ಅದು ಎಟುಕಬಾರದು. ದಿಂಬಿನ ಮೇಲೆ ಕೂತು ಸ್ಕೆಚ್ ಪೆನ್ನು ಹಿಡಿದಾಗ ಬಾರದ್ದು ಆ ಸ್ಟೂಲಿನ ಮೇಲೆ ಬಂತು.

ಬರೆದು ಮುಗಿಸಿ ನೋಡಿದರೆ ಅದು ಸಾಹೇಬರ ವರದಿಯ ಹಿಂಬದಿ.

ಎರಡು ದಿನದಲ್ಲಿ ವರ್ಕ್‌ಶಾಪಿನ ಮೇಸ್ತ್ರಿ ಹಳೆಯ ಮಂಚವೊಂದಕ್ಕೆ ಆ ಪಟ್ಟಿಯನ್ನು ಕೂರಿಸಿಕೊಟ್ಟ. ಬುಧವಾರ ಮಧ್ಯಾಹ್ನ ಸಾಹೇಬರನ್ನು ಪರೀಕ್ಷಾ ಕೊಠಡಿಗೆ ಕರೆದೆ. ತರಬೇತುದಾರನೂ ಹಿಂದೆಯೇ ಬಂದ. ಅವನನ್ನೇ ಎರಡು ಗುಂಡಿಯ ಚಿಲಕದ ಮಂಚದ ಮೇಲೆ ಮಲಗಿಸಿದೆ.

"ಸರ್, ಇವ್ರ ಭುಜ ಹಿಡ್ಕೊಳ್ಳಿ. ಬಿಡಬೇಡಿ. ಈಗ ರೇಲಿಂಗ್ ಇಳ್ಸಿ."

ಸಾಹೇಬರು ಮೊಣಕೈ ಚಾಚಿದರು. ಬಗ್ಗಿದರು. ಟೈ ರೇಲಿಂಗಿಗೆ ಸಿಕ್ಕಿಕೊಂಡಿತು. ಮೇಸ್ತ್ರಿ ಮುಖ ತಿರುಗಿಸಿಕೊಂಡು ಕೆಮ್ಮಿದ. ಎದ್ದು ನಿಂತು ಟೈ ಸರಿಮಾಡಿಕೊಂಡು ಸಾಹೇಬರು ಹೇಳಿದ್ದೇನು ಗೊತ್ತೇ?

"ಸ್ಟಿಕ್ಕರ್ ಇನ್ನೂ ಸ್ವಲ್ಪ ದೊಡ್ಡದು ಮಾಡೋಣ."

ಪಕ್ಕದ ಮಂಚಕ್ಕೆ ಎಳೆದೊಯ್ದೆ. ಅದೇ ತರಬೇತುದಾರ, ಅದೇ ಭುಜ. ಸಾಹೇಬರು ಮಂಡಿಯಿಂದ ಒತ್ತಿದರು, ರೇಲಿಂಗ್ ಸದ್ದಿಲ್ಲದೆ ಇಳಿಯಿತು. ಒಂದು ಕ್ಷಣ ಅವರೂ ಅದನ್ನೇ ನೋಡಿದರು.

"ಚೆನ್ನಾಗಿದೆ. ಮುಂದಿನ ವರ್ಷದ ಮಾಡೆಲ್‌ಗೆ ಇಟ್ಕೊಳ್ಳೋಣ. ಹೊಸ ಐಡಿಯಾ ಅಂತ ಪ್ರಚಾರಾನೂ ಮಾಡಬಹುದು. ಈಗ ಆ ವರದಿಗೆ ಸೈನ್ ಹಾಕಿ."

"ಹಳೇ ಮಂಚಗಳು?"

"ಅವು ಮಾರಿ ಆಗಿದೆಯಲ್ಲ."

"ನನ್ನ ತಪ್ಪಿಗೆ ಇನ್ನೊಬ್ಬಳ ತಲೆ ಮೇಲೆ ಗೂಬೆ ಕೂರಿಸೋಕೆ ನನ್ನ ಕೈಲೇ ಸೈನ್ ಹಾಕಿಸ್ತೀರಾ?" ಎಂದು ಕಿರುಚಿದೆ. "ಯಾವ ಬಾಯಲ್ಲಿ ಹೇಳ್ತೀರಿ ಸರ್ ಇದನ್ನ? ಒಬ್ಳ ಸೊಂಟ ಮುರಿದಿದೆ, ಇನ್ನೊಬ್ಳ ಅನ್ನ ಹೋಗ್ತಿದೆ, ನಿಮಗೆ ಪ್ರಚಾರ ಬೇಕಾ?"

"ಯೋಚ್ನೆ ಮಾಡಿ ಮಾತಾಡಿ. ಬೇರೆ ಥರ ಬರೆದ್ರೆ ನಿಮ್ಮ ಜಾಗ ಇರಲ್ಲ."

"ಇಟ್ಕೊಳ್ಳಿ ಆ ಜಾಗಾನ" ಎಂದೆ.

ಗುರುವಾರ ವಿಚಾರಣಾ ಸಮಿತಿಯ ಮುಂದೆ ನಾನೇ ಬರೆದ ಒಂದು ಪುಟ ಇಟ್ಟೆ. ಚಿಲಕದ ವಿನ್ಯಾಸ ತಪ್ಪು. ಮಾಡಿದವಳು ನಾನು. ಒಂದು ಕೈಯಲ್ಲಿ ರೋಗಿಯನ್ನು ಹಿಡಿದವರು ಇದನ್ನು ತೆರೆಯಲಾರರು. ದೂರು ಮೂರು ಸಲ ಬಂದಿತ್ತು. ಅದನ್ನು ಓದಿ ಸಮಿತಿಯ ಡಾಕ್ಟರು ಎದ್ದು ವಾರ್ಡಿಗೆ ಹೋದರು, ಒಂಬತ್ತನೇ ಮಂಚದ ತಾತನ ಭುಜ ಹಿಡಿದು ತಾವೇ ಒದ್ದಾಡಿ ನೋಡಿದರು. ತಾತನಿಗೆ ಆ ವಾರ ಬಿಡುವೇ ಇರಲಿಲ್ಲ.

ತಂಗಿಗೆ ಲಿಖಿತ ಎಚ್ಚರಿಕೆ ಕೊಟ್ಟರು, ಕೆಲಸ ಉಳಿಯಿತು. ಎಲ್ಲ ಚಿಲಕಗಳನ್ನೂ ಬದಲಿಸಬೇಕು ಎಂದು ಕಂಪನಿಗೆ ನೋಟಿಸ್ ಹೋಯಿತು. ಶನಿವಾರ ನನ್ನ ಮನೆಗೆ ಒಂದು ಲಕೋಟೆ ಬಂತು. ಇನ್ನು ಬರಬೇಕಾಗಿಲ್ಲ ಎಂಬುದನ್ನು ಬಹಳ ಮರ್ಯಾದೆಯಿಂದ ಬರೆದಿದ್ದರು.

ಭಾನುವಾರ ತಂಗಿ ಎಂದಿನಂತೆ ಊಟಕ್ಕೆ ಬಂದಳು. ನಾನು ಬಡಿಸಿದೆ, ಅವಳು ಉಂಡಳು. ಅವಳಿಗಾಗಿ ಕೆಲಸ ಕಳೆದುಕೊಂಡಿದ್ದೇನೆ, ಒಂದು ಒಳ್ಳೆಯ ಮಾತಾದರೂ ಆಡಬಾರದೇ ಎಂದು ಒಳಗೊಳಗೇ ಕುದಿಯುತ್ತಿದ್ದೆ. ಕೈ ತೊಳೆದು ಬಂದವಳು ಕಪಾಟಿನ ಮುಂದೆ ನಿಂತು ಆ ಗಾಜಿನ ಫಲಕ ನೋಡಿದಳು.

"ಹನ್ನೊಂದು ವರ್ಷ" ಎಂದಳು. "ಪ್ರತಿ ಭಾನುವಾರ ಇದೇ ಮೇಜಿಗೆ ಕೂತು ಊಟ ಮಾಡಿದೀನಿ. ಇದರ ಧೂಳು ಎಷ್ಟು ಸಲ ನಾನೇ ಒರೆಸಿದೀನಿ. ನಿನ್ ಮಂಚದ ಜೊತೆ ದಿನಾ ಗುದ್ದಾಡೋಳು ನಿನ್ನೆದುರಿಗೇ ಕೂತಿದ್ಳು. ಒಂದೇ ಒಂದ್ಸಲ ಕೇಳಿದ್ಯಾ?"

"ನೀನಾದ್ರೂ ಹೇಳ್ಬಹುದಿತ್ತಲ್ಲ!" ನನ್ನ ದನಿ ಏರಿತು.

"ಹೇಳಿದ್ದೆ. ಮೊದಲನೇ ವರ್ಷಾನೇ ಹೇಳಿದ್ದೆ, ಇದೇ ಜಾಗದಲ್ಲಿ. ಚಿಲಕ ಒಂದ್ ಕೈಲಿ ಬರಲ್ಲ ಅಕ್ಕಾ ಅಂದೆ. ಬಹುಮಾನ ಬಂದಿರೋ ಚಿಲಕ ಕಣೆ ಅದು, ನಿಮಗೆ ಉಪಯೋಗಿಸೋಕೆ ಬರಲ್ಲ ಅಂದೆ ನೀನು. ಆಮೇಲೆ ನಾನು ಹೇಳ್ಲಿಲ್ಲ. ಬಟ್ಟೆ ಕಟ್ದೆ."

ನನಗೆ ಅದು ನೆನಪೇ ಇರಲಿಲ್ಲ. ಎಷ್ಟು ಕೆದಕಿದರೂ ಬರಲಿಲ್ಲ. ಆ ದರ್ಜಿ ಹೆಂಗಸಿನ ಸೊಂಟ ಮುರಿದದ್ದು ಹೋದ ವಾರವಲ್ಲ, ಹನ್ನೊಂದು ವರ್ಷದ ಹಿಂದೆ, ಈ ಕಪಾಟಿನ ಮುಂದೆ, ನನ್ನ ಬಾಯಿಂದ.

ಫಲಕವನ್ನು ತೆಗೆದು ಕಪಾಟಿನ ಒಳಗೆ, ಹಳೆ ಪತ್ರಿಕೆಗಳ ಹಿಂದೆ ತುರುಕಿದೆ. ಬರೆಯಲು ಕಾಗದ ಹುಡುಕಿದೆ. ಸಿಕ್ಕಿದ್ದು ಕಂಪನಿಯ ಲಕೋಟೆ. ಅದರಲ್ಲಿದ್ದ ಪತ್ರವನ್ನು ತೆಗೆದು ಮಗುಚಿ, ಹಿಂಬದಿಯನ್ನು ಮೇಜಿನ ಮೇಲೆ ಹರವಿದೆ.

"ಇನ್ನೇನೇನಿದೆ ಹೇಳು" ಎಂದೆ.

"ಚಿಲಕ ಬಿಟ್ಟಾ?"

"ಚಿಲಕ ಬಿಟ್ಟು."

ಅವಳು ಕುರ್ಚಿ ಎಳೆದುಕೊಂಡು ಕುಳಿತಳು. ಸಿಟ್ಟೇನೂ ಇಳಿದಿರಲಿಲ್ಲ.

"ಬರ್ಕೋ. ಚಕ್ರದಿಂದ ಶುರು ಮಾಡ್ತೀನಿ."

ಸಂಜೆ ದೀಪ ಹಾಕುವ ಹೊತ್ತಿನ ತನಕ ಹೇಳಿದಳು. ನಾನು ಬರೆದುಕೊಂಡೆ, ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.