ಮಣ್ಣು ಮೆತ್ತಿದ ಬಾಟಲಿಗಳು

ಮಂಚದ ಕೆಳಗೆ ಆಡಿಸುತ್ತಿದ್ದ ಪೊರಕೆಗೆ ಏನೋ ಗಟ್ಟಿಯಾದದ್ದು ತಾಗಿತು. ಟೈಲರಮ್ಮ ಬಗ್ಗಿ ಎಳೆದಳು. ಗಂಡನ ಹಳೆಯ ಖಾಕಿ ಚೀಲ. ಒಳಗೆ ಗಾಜಿಗೆ ಗಾಜು ತಾಗಿ ಸದ್ದಾಯಿತು. ಆ ಸದ್ದು ಅವಳಿಗೆ ಹೊಸದಲ್ಲ. ನೆಲದ ಮೇಲೇ ಕೂತುಬಿಟ್ಟಳು. ಬಿಚ್ಚಿ ನೋಡುವ ಧೈರ್ಯವಾಗದೆ ಚೀಲವನ್ನು ಮತ್ತೆ ಒಳಕ್ಕೆ ತಳ್ಳಿದಳು.

ಗಂಡ ಲಾರಿ ಡ್ರೈವರ್ ಆಗಿದ್ದವನು. ಒಂದು ಕಾಲದಲ್ಲಿ ಅವನ ಕುಡಿತಕ್ಕೆ ಸಂಸಾರವೇ ನೆಲಕಚ್ಚಿತ್ತು. ಮಗಳು ಹುಟ್ಟಿದ ವರ್ಷ ಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಈಗ ಆ ಮಗಳಿಗೇ ಒಂದು ಮಗು. ಆದರೆ ಸ್ಟಿಯರಿಂಗ್ ಬಿಟ್ಟು ಮನೆಯಲ್ಲಿ ಕೂತ ಮೇಲೆ, ಬೆಳಿಗ್ಗೆ ವಾಕಿಂಗ್ ಅಂತ ಹೋದವನು ಊಟದ ಹೊತ್ತಿಗೆ ಬರುತ್ತಿದ್ದ. ಬಂದವನೇ ಮುಖ ತಪ್ಪಿಸಿ ಬಚ್ಚಲಿಗೆ ನುಗ್ಗುತ್ತಿದ್ದ. ಎಲ್ಲಿ ಹೋಗಿದ್ರಿ ಅಂದರೆ, "ಇಲ್ಲೇ." ಕುಡಿಯುತ್ತಿದ್ದ ಕಾಲದಲ್ಲೂ ಇದೇ ಉತ್ತರ ಕೊಡುತ್ತಿದ್ದ.

ಮರುದಿನ ಅವಳು ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಅವನ ಹಿಂದೆ ಹೊರಟಳು. ಅವನು ಬಾರಿನ ಬೀದಿಗೆ ತಿರುಗಿದಾಗ ಅವಳು ಹೆಜ್ಜೆ ಚುರುಕು ಮಾಡಿದಳು. ಆದರೆ ಅವನು ಬಾರಿನತ್ತ ಕಣ್ಣು ಕೂಡ ಹಾಯಿಸದೆ ಮುಂದೆ ನಡೆದ. ಹಳೆಯ ಆಸ್ಪತ್ರೆಯ ಹಿಂದಿನ ಬಯಲಿಗೆ ಬೇಲಿ ದಾಟಿ ಇಳಿದ.

ಅವಳು ಹತ್ತಿರ ಹೋಗುವಷ್ಟರಲ್ಲಿ ಅವನು ಒಂದು ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದ.

"ಏನ್ರೀ ಇದು?"

ಬೆಚ್ಚಿಬಿದ್ದವನು ಕೈಯಲ್ಲಿದ್ದ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದ. "ನೀನಂದ್ಕೊಂಡಂಗಲ್ಲ ಕಣೇ."

"ತೋರ್ಸಿ."

ಅವಳು ಕಸಿದುಕೊಂಡು ಮೂಸಿದಳು. ಬರೀ ಮಣ್ಣಿನ ವಾಸನೆ. ಅಷ್ಟಕ್ಕೇ ಬಿಡದೆ ಬಗ್ಗಿ ಅವನ ಬಾಯಿಯನ್ನೂ ಮೂಸಿದಳು. ತಾನೇ ಬೆಳಿಗ್ಗೆ ಕಾಸಿಕೊಟ್ಟ ಚಹಾದ ವಾಸನೆ.

"ಹಳೇ ಔಷಧಿ ಬಾಟ್ಲಿ," ಅವನು ಮೆಲ್ಲಗೆ ಹೇಳಿದ. "ಆಸ್ಪತ್ರೆ ಕಸ ಎಲ್ಲಾ ಇಲ್ಲೇ ಸುರೀತಿದ್ರಂತೆ. ಈ ಅಚ್ಚಿನ ಗೆರೆ ನೋಡು, ಕುತ್ತಿಗೆ ಹತ್ರ ನಿಂತ್ಬಿಟ್ಟಿದೆ. ಅಂದ್ರೆ ಬಾಟ್ಲಿ ಬಾಯಿ ಮಾತ್ರ ಕೈಯಲ್ಲಿ ಮಾಡಿದ್ದು. ಮೆಷಿನ್‌ದಾದ್ರೆ ಗೆರೆ ಬಾಯಿ ತನಕ ಬರುತ್ತೆ. ಒಳಗೆ ಗುಳ್ಳೆ ಕಾಣ್ತಾ? ಯಾರೋ ಊದ್ದಾಗ ಸಿಕ್ಕಾಕೊಂಡಿರೋ ಗಾಳಿ ಅದು."

"ಮನೇಲಿ ಒಂದ್ ಮಾತು ಹೇಳೋಕೆ ಏನಾಗಿತ್ತು ನಿಮ್ಗೆ? ಜೀವ ಬಾಯಿಗೆ ಬಂದಿತ್ತು ನಂಗೆ!"

"ನನ್ ಕೈಯಲ್ಲಿ ಬಾಟ್ಲಿ ಕಂಡ್ರೆ ಯಾರ್ ನಂಬ್ತಾರೆ ಹೇಳು? ನೀನೂ ನಂಬ್ಲಿಲ್ಲ."

ಅವಳು ಗುಂಡಿಯ ಅಂಚಿನಲ್ಲಿ ಕೂತಳು. ಅಳು ಬರುತ್ತದೆ ಅಂದುಕೊಂಡರೆ ನಗು ಉಕ್ಕಿತು. "ಕುಡಿಯೋದು ಬಿಟ್ರೂ ಬಾಟ್ಲಿ ಬಿಡ್ಲಿಲ್ಲ ನೋಡಿ ನೀವು!"

ಅವನೂ ನಕ್ಕ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಕೆಸರು ಬಳಿದುಕೊಂಡ.

ಮಧ್ಯಾಹ್ನ ಇಬ್ಬರೂ ಹಿತ್ತಿಲಲ್ಲಿ ಕೂತು ಮಂಚದ ಕೆಳಗಿನ ಚೀಲದ ಬಾಟಲಿಗಳನ್ನೂ ತೆಗೆದು ತೊಳೆದರು. ಮುಂಬಾಗಿಲ ಪಕ್ಕದ ಕಿಟಕಿಯಲ್ಲಿ, ಬೀದಿಗೆ ಕಾಣುವಂತೆ, ಅವಳೇ ಅವನ್ನು ಸಾಲಾಗಿ ಜೋಡಿಸಿದಳು. ಆಮೇಲೆ ಹೊಲಿಗೆಗೆ ಕೂತಳು. ಬಾಟಲಿಯೊಂದರ ಗಾಜಿನ ಮೂಲಕ ಬಿಸಿಲು ಹಾದು ಬಿಳಿ ಬಟ್ಟೆಯ ಮೇಲೆ ಒಂದು ಹಸಿರು ಕಲೆ ಬಿತ್ತು. ಸರಿದು ಕೂರಬಹುದಿತ್ತು. ಸರಿಯಲಿಲ್ಲ. ಬಟ್ಟೆ ಸರಿದಂತೆಲ್ಲ ಆ ಹಸಿರಿನ ಮೇಲೇ ಸೂಜಿ ಓಡುತ್ತಿತ್ತು.