ಇಪ್ಪತ್ತನೇ ಚೀಟಿ

ಠಾಣೆಯ ಗೋಡೆಯಿಂದ ಕರಿಹಲಗೆ ಇಳಿಸಿದ ದಿನ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹನ್ನೊಂದು ವರ್ಷ ಆ ಹಲಗೆಯ ಮೇಲೆ ಪ್ರತಿಯೊಬ್ಬ ಟ್ರಾಫಿಕ್ ಪೇದೆಯ ಹೆಸರಿನ ಮುಂದೆ ದಿನದ ಕೇಸುಗಳ ಸಂಖ್ಯೆ ಬೀಳುತ್ತಿತ್ತು. ಇಪ್ಪತ್ತು ತುಂಬಿಸಿದವನಿಗೆ ನೆರಳಿನ ವೃತ್ತ, ಕೇಳಿದಾಗ ರಜೆ. ತುಂಬಿಸದವನಿಗೆ ಸೇತುವೆಯ ಪಕ್ಕದ ಬಿಸಿಲು ಮತ್ತು ಹೊಗೆ. ಈಗ ಮೇಲಿನಿಂದ ಆದೇಶ ಬಂದಿತ್ತು: ಇಷ್ಟೇ ಕೇಸು ಹಾಕಬೇಕೆಂದು ಯಾರೂ ಯಾರಿಗೂ ಹೇಳಕೂಡದು.

"ತಪ್ಪು ಕಂಡ್ರೆ ಬರೀರಿ, ಕಾಣದಿದ್ರೆ ಸುಮ್ನಿರಿ. ಇನ್ಮೇಲೆ ಲೆಕ್ಕ ಇಲ್ಲ," ಎಂದು ಇನ್‌ಸ್ಪೆಕ್ಟರ್ ಸಾಹೇಬರು ನಕ್ಕರು.

ಆ ನಗುವೇ ಸೀಟಿಯಣ್ಣನಿಗೆ ಸರಿಬರಲಿಲ್ಲ. ಇಪ್ಪತ್ತಾರು ವರ್ಷ ರಸ್ತೆಯಲ್ಲಿ ನಿಂತು ಸೀಟಿ ಊದಿ ಊದಿ ಸ್ವಂತ ಹೆಸರನ್ನೇ ಕಳೆದುಕೊಂಡ ಪೇದೆ ಅವನು. ಇದಕ್ಕೆ ಮುಂಚೆ ಸಾಹೇಬರು ನಕ್ಕದ್ದನ್ನು ಅವನು ಕಂಡಿದ್ದು ಎರಡೇ ಸಲ. ಎರಡು ಸಲವೂ ಯಾರದೋ ಎತ್ತಂಗಡಿ ಆಗಿತ್ತು.

ಅವನ ಹೆದರಿಕೆಗೆ ಕಾರಣವೂ ಇತ್ತು. ಮಗಳಿಗೆ ದಿನ ತುಂಬಿತ್ತು. ಹೆತ್ತವಳು ತೀರಿಕೊಂಡು ನಾಲ್ಕು ವರ್ಷ. ಅಳಿಯ ಹಡಗಿನಲ್ಲಿ ಕೆಲಸ ಮಾಡುವವನು, ಇನ್ನೆರಡು ತಿಂಗಳು ದಡ ಮುಟ್ಟುವವನಲ್ಲ. ಸೋಮವಾರ ಆಸ್ಪತ್ರೆಗೆ ಸೇರಿಸಬೇಕು. "ಅಪ್ಪ, ನೀನಿರ್ತೀಯ ತಾನೆ?" ಎಂದು ಅವಳು ಮೂರು ಸಲ ಕೇಳಿದ್ದಳು. ಹತ್ತು ದಿನದ ರಜೆಯ ಅರ್ಜಿ ಸಾಹೇಬರ ಮೇಜು ಸೇರಿ ವಾರವಾಗಿತ್ತು.

ಮೊದಲ ದಿನ ಅವನು ಕಣ್ಣಿಗೆ ಬಿದ್ದ ತಪ್ಪುಗಳನ್ನಷ್ಟೇ ಬರೆದ. ಮೂರು ದಂಡದ ಚೀಟಿ. ಸಂಜೆ ಆ ದಿನದ ಚೀಟಿ ಪುಸ್ತಕ ಒಪ್ಪಿಸಿದಾಗ ಠಾಣೆಯ ರೈಟರ್ ಉಳಿದ ಹಾಳೆಗಳನ್ನು ಹೆಬ್ಬೆರಳಲ್ಲಿ ಸರ್ರನೆ ತಿರುವಿದ.

"ಇವತ್ತು ಆರಾಮಾಗಿತ್ತಾ, ಸೀಟಿಯಣ್ಣ?"

ಕೇಳಿದ್ದು ಅಷ್ಟೇ. ಆದರೆ ಸೀಟಿಯಣ್ಣ ಆ ಮಾತನ್ನು ಮನೆ ಮುಟ್ಟುವ ತನಕ ತಿರುವಿ ಹಾಕಿದ. ಲೆಕ್ಕವಿಲ್ಲದ ಮೇಲೆ ಹಾಳೆ ತಿರುವಿದ್ದೇಕೆ? ಹಲಗೆ ಇಳಿಸಿದವರು ಮೊಳೆ ಏಕೆ ಕಿತ್ತಿಲ್ಲ? ಪುಸ್ತಕದಲ್ಲಿ ಈಗಲೂ ಸರಿಯಾಗಿ ಇಪ್ಪತ್ತೇ ಹಾಳೆ ಏಕೆ? ಎರಡನೆಯ ದಿನ ಐದು ಚೀಟಿ ಆಯಿತು. ಎದುರಾದ ಸಾಹೇಬರು, "ಮಗಳು ಹೇಗಿದಾಳಪ್ಪ?" ಎಂದು ಕೇಳಿದರೇ ಹೊರತು ರಜೆಯ ಸುದ್ದಿ ಎತ್ತಲಿಲ್ಲ.

"ಇದೆಲ್ಲ ನಮ್ಮನ್ನ ಪರೀಕ್ಷೆ ಮಾಡೋ ಆಟ," ಎಂದು ಚಹಾದಂಗಡಿಯಲ್ಲಿ ಜೊತೆಯ ಪೇದೆಗೆ ಹೇಳಿದ. "ಹಲಗೆ ಗೋಡೆ ಮೇಲಿಲ್ಲ ಅಷ್ಟೆ, ಅವರ ತಲೇಲಿದೆ."

"ನಿಂದು ಅತಿಯಾಯ್ತು ಕಣಯ್ಯ," ಎಂದ ಅವನು. ಅವನಿಗೇನು, ಯಾವ ಅರ್ಜಿಯೂ ಮೇಜಿನ ಮೇಲಿರಲಿಲ್ಲ.

ಶನಿವಾರ ಮೂರು ಗಂಟೆಯಾದರೂ ನಾಲ್ಕೇ ಚೀಟಿ. ಹಾಳಾದ ಜನ ಅಂದೇ ಸರಿಯಾಗಿ ಗಾಡಿ ಓಡಿಸಬೇಕೆ! ಸೀಟಿಯಣ್ಣ ಮರದ ಮರೆಗೆ ಸರಿದು ಜೇಬಿನ ಡೈರಿ ತೆಗೆದ. ಅದು ಪೇದೆಗಳೆಲ್ಲರ ಬಳಿ ಇದ್ದ ಆಪತ್ಕಾಲದ ಗಂಟು: ಅಲ್ಲಿ ಇಲ್ಲಿ ಕಂಡ ಗಾಡಿಗಳ ನಂಬರು ಗುರುತು ಹಾಕಿಕೊಂಡು, ಕೇಸು ಸಿಗದ ದಿನ ಅದರಿಂದ ತುಂಬಿಸುವುದು. ಚೀಟಿ ಅಂಚೆಯಲ್ಲಿ ಮನೆಗೆ ಹೋಗುತ್ತದೆ, ಜಗಳಕ್ಕೆ ಬರುವವರು ಕಡಿಮೆ. ಬರೆಯುವಾಗ ಅವನಿಗೆ ನಾಚಿಕೆಯಾಯಿತು. ಆದರೂ ಮಗಳನ್ನು ನೆನೆದು ಹದಿನಾರು ಚೀಟಿ ಗೀಚಿ ಮುಗಿಸಿದ.

ಪುಸ್ತಕ ಒಪ್ಪಿಸಿ ಹತ್ತು ನಿಮಿಷವಾಗಿರಲಿಲ್ಲ, ಸಾಹೇಬರು ಕರೆಸಿದರು. ಮೇಜಿನ ಮೇಲೆ ಅವನ ರಜೆಯ ಅರ್ಜಿ. ಅದರ ಮೇಲೆ ಹಸಿರು ಶಾಯಿಯ ಸಹಿ.

"ಮೊನ್ನೇನೇ ಹಾಕಿಟ್ಟಿದ್ದೆ. ಇವತ್ತು ಕೊಡೋಣ ಅಂತಿದ್ದೆ," ಎಂದರು ಸಾಹೇಬರು. "ಈ ಇಪ್ಪತ್ತನೇ ಚೀಟಿ ಓದು."

"ಲಾರಿ... ಮೂರೂವರೆಗೆ ಕೆಂಪು ದೀಪ ದಾಟಿದೆ, ಸಾರ್."

ಸಾಹೇಬರು ಕಿಟಕಿ ತೆರೆದರು. ಠಾಣೆಯ ಹಿತ್ತಲಲ್ಲಿ, ಅಪಘಾತದಲ್ಲಿ ಜಪ್ತಿಯಾಗಿ ತಿಂಗಳಾದ ಲಾರಿ ಮುಂದಿನ ಚಕ್ರಗಳಿಲ್ಲದೆ ಮೂತಿ ಊರಿ ನಿಂತಿತ್ತು. ನಂಬರ್ ಫಲಕ ಮಾತ್ರ ಸ್ಪಷ್ಟವಾಗಿತ್ತು.

"ಯಾವ ದೀಪ ದಾಟಿತಪ್ಪ ಇದು?"

ಸೀಟಿಯಣ್ಣ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಪುಸ್ತಕ ಪೂರ್ತಿ ತುಂಬಿದ್ದು ಎಲ್ಲೆಲ್ಲಿ ಅಂತ ನೋಡೋಕೆ ಸೋಮವಾರ ಮೇಲಿನವರು ಬರ್ತಾರೆ. ಇಪ್ಪತ್ತು ಕಂಡ್ರೆ, ಲೆಕ್ಕ ಹಾಕಿ ನಾನೇ ಬರೆಸಿದೆ ಅಂತಾರೆ. ನಾನು ಕೇಳಿರಲಿಲ್ಲ ಅಂತ ನಿನ್ನ ಬಾಯಿಂದ್ಲೇ ಬರ್ಬೇಕು. ನೀನು ಇಲ್ಲಿರ್ಬೇಕು." ಅರ್ಜಿ ಮೇಜಿನ ಖಾನೆಯೊಳಗೆ ಹೋಯಿತು.

ಅದು ಒಳಗೆ ಹೋಗುವಾಗ ಸೀಟಿಯಣ್ಣ ಕಣ್ಣು ಕಿರಿದಾಗಿಸಿ ನೋಡಿದ್ದ. ಸಹಿಯ ಕೆಳಗೆ ದಿನಾಂಕವಿರಲಿಲ್ಲ. ಮೊನ್ನೆ ಹಾಕಿದ್ದೋ, ಐದು ನಿಮಿಷದ ಹಿಂದೆ ಹಾಕಿದ್ದೋ, ಹಾಕಿದವರಿಗೇ ಗೊತ್ತು.

ಹೊರಗೆ ಬಂದು ಮಗಳಿಗೆ ಫೋನ್ ಮಾಡಿದ. ಸೋಮವಾರ ಬರಲಾಗದು, ಪಕ್ಕದ ಮನೆ ಅತ್ತೆಯನ್ನು ಕರೆದುಕೊಂಡು ಹೋಗು ಎಂದ.

"ಈಗ ಲೆಕ್ಕ ಇಲ್ಲ ಅಂದಿದ್ದೆಯಲ್ಲಪ್ಪ?"

"ಹೂಂ, ಇಲ್ಲಮ್ಮ."

"ಮತ್ತೆ ಯಾಕೆ ಬಿಡ್ತಿಲ್ಲ ನಿನ್ನ?"