ಮಗ್ಗದ ಶೆಡ್ಡಿನ ಕೋಗಿಲೆ

ಸಂಗ್ರಹಕಾರ ಟೇಪು ಹಾಕಿದಾಗ ನಾನು ನೋಡುತ್ತಿದ್ದದ್ದು ಅಮ್ಮನ ಮುಖವನ್ನು. ತನ್ನದೇ ದನಿಯನ್ನು ಇಷ್ಟು ವರ್ಷಗಳ ಮೇಲೆ ಕೇಳುವವರ ಮುಖದಲ್ಲಿ ನಗುವೋ ನಾಚಿಕೆಯೋ ಏನಾದರೊಂದು ಮೂಡಬೇಕು. ಅಮ್ಮ ಬಾಗಿಲ ಕಡೆ ನೋಡಿದಳು, ಯಾರಾದರೂ ಬಂದುಬಿಟ್ಟರೆ ಎನ್ನುವ ಹಾಗೆ. ಆಮೇಲೆ, ಎದುರಿಗೆ ಕೂತು ಕೂಗಿದರೂ ಸರಿಯಾಗಿ ಕೇಳಿಸದ ನನ್ನಮ್ಮ, ಸದ್ದು ಕಡಿಮೆ ಮಾಡಪ್ಪ ಎಂದಳು.

ಮುಚ್ಚಿಹೋದ ಬಟ್ಟೆ ಗಿರಣಿಯ ಬಾಯ್ಲರ್ ಮನೆಯಲ್ಲಿ ನಮ್ಮ ಕಾರ್ಖಾನೆಗಳ ಊರಿನ ಸಂಗೀತದ ಚರಿತ್ರೆಯನ್ನು ಪ್ರದರ್ಶನಕ್ಕಿಡುವ ಕೆಲಸ ಅವನದು. ಎರಕದ ಕಾರ್ಖಾನೆಯ ಬ್ಯಾಂಡಿನವರ ನೆಗ್ಗಿದ ತುತ್ತೂರಿ, ಟ್ರಾಮ್ ಡಿಪೋದವರ ಮೌತ್ ಆರ್ಗನ್ ಸಂಘದ ಫೋಟೋ, ಎಲ್ಲ ಅವನಿಗೆ ಸಿಕ್ಕಿದ್ದವು. ಗಿರಣಿಯ ಕ್ಲಬ್ಬಿನ ಬೀರುವಿನಲ್ಲಿ ಸಿಕ್ಕಿದ ಈ ಟೇಪಿನ ಡಬ್ಬಿಯ ಮೇಲೆ 'ಕೋಗಿಲೆ' ಎಂದಷ್ಟೇ ಬರೆದಿತ್ತು. ಗಿರಣಿಯವರ ವಸತಿಯಲ್ಲಿ ಕೋಗಿಲೆ ಯಾರೆಂದು ಕೇಳಿದರೆ ಯಾರು ಬೇಕಾದರೂ ನಮ್ಮ ಮನೆ ತೋರಿಸುತ್ತಾರೆ. ಹಾಡು ಕೇಳಿಸುವ ಕಡೆ ಗೋಡೆಯ ಮೇಲೆ ಅಮ್ಮನ ಹೆಸರು ದೊಡ್ಡಕ್ಷರದಲ್ಲಿ ಬರುತ್ತದೆ ಎಂದು ಅವನು ಹೇಳಿದ. ಅಮ್ಮ ಬೇಡವೆನ್ನಲಿಲ್ಲ.

ಮೊದಲು ನನಗೆ ಅನುಮಾನ ಬಂದದ್ದು ಅವನ ಮೇಲೆಯೇ. ಗಿರಣಿಯ ಜಾಗದಲ್ಲಿ ಫ್ಲ್ಯಾಟು ಕಟ್ಟುವವರೇ ಈ ಪ್ರದರ್ಶನದ ಖರ್ಚನ್ನೂ ನೋಡಿಕೊಳ್ಳುತ್ತಿದ್ದರು. ಅಮ್ಮನ ದನಿ ಕೇಳಿಸಿ ಯಾರ ತಲೆಗೋ ಫ್ಲ್ಯಾಟು ಕಟ್ಟುತ್ತಾರೆ ಎಂದುಕೊಂಡೆ. ಅವನು ಎದ್ದು ಹೋದ ಮೇಲೆ ಅನುಮಾನ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು. ಅಮ್ಮ ಎಂದಾದರೂ ನನ್ನೆದುರು ಹಾಡಿದ್ದಾಳೆಯೇ? ಚಿಕ್ಕಂದಿನಲ್ಲಿ ನನ್ನನ್ನು ತಟ್ಟಿ ಮಲಗಿಸುತ್ತಿದ್ದದ್ದು ನೆನಪಿದೆ, ಹಾಡು ನೆನಪಿಲ್ಲ. ಕೇಳಿದ್ದಕ್ಕೆ, ಹತ್ತಿಯ ಧೂಳಿಗೆ ಗಂಟಲು ಹೋಯಿತು ಎಂದಳು. ಹಾಗೆ ಹೋದ ಗಂಟಲಿನಲ್ಲೇ ಅವಳು ಬೀದಿಯ ಆ ತುದಿಯಲ್ಲಿರುವ ಹಾಲಿನವನನ್ನು ಕೂಗಿ ನಿಲ್ಲಿಸುತ್ತಾಳೆ.

ಎರಡು ಬೀದಿ ಆಚೆ ಚಿಕ್ಕಮ್ಮನ ಮನೆ. ಅಮ್ಮ ಮಗ್ಗದ ಶೆಡ್ಡಿನಲ್ಲಿದ್ದರೆ ಈ ತಂಗಿ ಅದೇ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು. ನಾನು ಹೋದಾಗ ಒಗೆದ ಬಟ್ಟೆ ಮಡಚುತ್ತಾ ತನ್ನಷ್ಟಕ್ಕೆ ಗುನುಗುತ್ತಿದ್ದಳು. ಸಾಲಿನ ಕೊನೆಯಲ್ಲಿ ದನಿಯನ್ನು ತುಸು ಎಳೆದು, ಇದ್ದಕ್ಕಿದ್ದಂತೆ ಕೈಬಿಡುವ ಆ ರೀತಿ ಕೇಳಿ ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿನ ದಿನವಷ್ಟೇ ಅದನ್ನು ಟೇಪಿನಲ್ಲಿ ಕೇಳಿದ್ದೆ.

"ಹೀಗೆ ಕದ್ದು ಕೇಳೋದನ್ನ ಯಾವ ಕಾಲೇಜಲ್ಲಿ ಕಲಿಸಿದ್ರೇ ನಿಂಗೆ?" ಎಂದಳು ಚಿಕ್ಕಮ್ಮ, ತಲೆಯೆತ್ತದೆ.

ಟೇಪಿನಲ್ಲಿರುವ ದನಿ ನಿನ್ನದೇನು ಎಂದು ನಾನು ಸುತ್ತಿಬಳಸದೆ ಕೇಳಿದೆ. ಅವಳು ಮಡಚಿದ ಹೊದಿಕೆಯನ್ನು ಬಿಡಿಸಿ ಮತ್ತೆ ಮಡಚಿದಳು. ಆಮೇಲೆ ಹೇಳಿದಳು.

ಮಗ್ಗಗಳು ಓಡುವಾಗ ಶೆಡ್ಡಿನಲ್ಲಿ ಪಕ್ಕದವಳ ಮಾತಿರಲಿ, ತನ್ನ ಮಾತೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಹೆಂಗಸರು ಕಣ್ಣಿನಿಂದ ಹಾಡು ಕಲಿತರು. ಎಲ್ಲರಿಗೂ ಕಾಣುವ ಮಗ್ಗದ ಬಳಿ ಒಬ್ಬಳು ನಿಂತು ಬಾಯಿ ಅಗಲಿಸಿ ಹಾಡಬೇಕು. ತುಟಿ ನೋಡಿ ಮಾತು, ಗದ್ದದ ಏರಿಳಿತ ನೋಡಿ ರಾಗ ಹಿಡಿದು ಉಳಿದವರು ಹಾಡಬೇಕು. ಅಮ್ಮನಂಥ ಬಾಯಿ ಇನ್ನೊಬ್ಬಳಿಗಿರಲಿಲ್ಲವಂತೆ. ಹಾಡು ಕಟ್ಟುತ್ತಿದ್ದವಳೂ ಅವಳೇ. ಅದಕ್ಕೇ ಕೋಗಿಲೆ ಎಂದು ಹೆಸರಿಟ್ಟರು. ಆದರೆ ಕೋಗಿಲೆಯ ದನಿಯನ್ನು ಯಾರೂ ಕೇಳಿರಲಿಲ್ಲ. ಹಾಡುವ ಅಮ್ಮನಿಗೂ ಅದು ಕೇಳಿಸಿರಲಿಲ್ಲ. ಒಂದು ದಿನ ರೇಡಿಯೋದವರು ಬಂದು ಕ್ಲಬ್ಬಿನ ಕೋಣೆಯಲ್ಲಿ ಮೈಕು ಇಟ್ಟರು. ಸದ್ದಿಲ್ಲದ ಆ ಕೋಣೆಯಲ್ಲಿ ಅಮ್ಮ ಬಾಯಿ ತೆರೆದಳು.

"ಆ ರೇಡಿಯೋದವನ ಮುಖ ನೋಡ್ಬೇಕಿತ್ತು ನೀನು." ಚಿಕ್ಕಮ್ಮ ನಗಲಿಲ್ಲ. "ಕಿಟಕಿ ಗಾಜಿನಾಚೆ ಇಡೀ ಶೆಡ್ಡೇ ನಿಂತು ನೋಡ್ತಿತ್ತು. ಅಕ್ಕ ನನ್ನ ಕಡೆ ತಿರುಗಿದ್ಲು, ಅಷ್ಟೇ. ನಾನು ಪರದೆ ಹಿಂದೆ ಹೋಗಿ ಹಾಡ್ದೆ. ಅವಳು ಬಾಯಾಡಿಸಿದ್ಲು. ಟೇಪು ಕ್ಲಬ್ಬಲ್ಲೇ ಉಳೀತು, ರೇಡಿಯೋದಲ್ಲಿ ಬರ್ಲೇ ಇಲ್ಲ."

ಇದನ್ನು ಯಾರಿಗೂ ಹೇಳಲಿಲ್ಲವೇ ಎಂದೆ. ಯಾರೂ ಕೇಳಲಿಲ್ಲ ಎಂದಳು. ಹೊದಿಕೆಯನ್ನು ಬದಿಗಿಟ್ಟು, ಗೋಡೆ ಮೇಲೆ ಹೆಸರು ಬರೆಸುತ್ತಾರಂತಲ್ಲ, ಹೌದೇ ಎಂದು ವಿಚಾರಿಸಿದಳು. ಇದನ್ನು ಇವಳಿಗೆ ಯಾರು ಹೇಳಿದರು? ಯಾಕೆ ಕೇಳುತ್ತಿದ್ದಾಳೆ? ಇವಳು ಬಾಯಿಬಿಟ್ಟರೆ ಅಮ್ಮ ಇಷ್ಟು ವರ್ಷ ಹೊತ್ತು ತಿರುಗಿದ ಹೆಸರು ವಸತಿಯವರ ಬಾಯಿಗೆ ಎಲೆಯಡಿಕೆಯಾಗುತ್ತದೆ. ಬಿಡದಿದ್ದರೆ ಗೋಡೆಯ ಮೇಲೆ ಸುಳ್ಳು ಕೂರುತ್ತದೆ. ಸುಳ್ಳೇ ಇರಲಿ ಎಂದಿತು ನನ್ನ ಮನಸ್ಸು. ಅಮ್ಮನಿಗೆ ನಾನು ಏನೂ ಹೇಳಲಿಲ್ಲ.

ಪ್ರದರ್ಶನಕ್ಕೆ ಮೊದಲು ಗಿರಣಿಯ ಹಳೆಯ ಹೆಂಗಸರಿಗೆ ಟೇಪು ಕೇಳಿಸಿ ಅವರ ಮಾತನ್ನೂ ಸೇರಿಸಿಕೊಳ್ಳಬೇಕೆಂದು ಸಂಗ್ರಹಕಾರ ಬಾಯ್ಲರ್ ಮನೆಯಲ್ಲಿ ಕುರ್ಚಿ ಹಾಕಿಸಿದ. ಎಲ್ಲರಿಗಿಂತ ಮೊದಲು ಬಂದು ಕೂತವಳು ಚಿಕ್ಕಮ್ಮ. ನಾನು ಅವಳ ಪಕ್ಕದಲ್ಲೇ ಕೂತು ಅವಳ ಕೈ ಹಿಡಿದುಕೊಂಡೆ. ನೋಡಿದವರಿಗೆ ಅದು ಪ್ರೀತಿಯಂತೆ ಕಂಡಿರಬೇಕು.

ಟೇಪು ಓಡಿತು. ಹೆಂಗಸರು ಕಿವಿಗೆ ಕೈಯಾನಿಸಿ ಮುಂದಕ್ಕೆ ಬಾಗಿದರು. ಒಬ್ಬರ ಮುಖದಲ್ಲೂ ಗುರುತಿನ ಸುಳಿವಿಲ್ಲ.

"ಯಾರೇ ಇದು?" ಎಂದು ಬಾಬಿನಕ್ಕ ಪಕ್ಕದವಳನ್ನು ಕೇಳಿದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ನೂಲು ತುಂಬಿದ ಬಾಬಿನ್ನಿನಂತೆ ಗುಂಡಗಿರುವುದರಿಂದ ಅವಳಿಗೆ ಆ ಹೆಸರು.

ಪಕ್ಕದವಳು ಅಮ್ಮನ ಕಡೆ ಬೆರಳು ತೋರಿಸಿದಳು. ಸಂಗ್ರಹಕಾರ ಟೇಪು ನಿಲ್ಲಿಸಿ ಒಮ್ಮೆ ಅಮ್ಮನನ್ನು, ಒಮ್ಮೆ ಅವರನ್ನು ನೋಡತೊಡಗಿದ. ಅವನ ಹಣೆಯ ಗೆರೆಗಳು ನನಗೆ ಹಿಡಿಸಲಿಲ್ಲ.

"ನಮಗೇನು ಗೊತ್ತಪ್ಪ? ನಾವೇನು ಕೇಳಿದ್ವಾ, ನೋಡಿದ್ದು ತಾನೇ," ಎಂದಳು ಬಾಬಿನಕ್ಕ. "ಎದ್ದು ಬಾಯಿ ತೆಗಿಯೇ ಕೋಗಿಲೆ. ಆಗ ಹೇಳ್ತೀವಿ."

ಅಮ್ಮ ಎದ್ದು ಮುಂದೆ ಹೋಗಿ ನಿಂತಳು. ಅವನು ಟೇಪನ್ನು ಮೊದಲಿನಿಂದ ಹಾಕಹೊರಟ. ಕ್ಲಬ್ಬಿನಲ್ಲಿ ಮಾಡಿದಂತೆ ಬಾಯಾಡಿಸಿದರೆ ಆಯಿತು, ಯಾರಿಗೂ ಗೊತ್ತಾಗದು. ನನಗೆ ಉಸಿರು ಬಂತು. ನನ್ನ ಅಂಗೈಯಲ್ಲಿ ಚಿಕ್ಕಮ್ಮನ ಕೈ ತಣ್ಣಗಾಗಿತ್ತು. ಅಮ್ಮ ಅವಳನ್ನೇ ನೋಡುತ್ತಿದ್ದಳು. ಆಮೇಲೆ, ಮಿಷನ್ ಬೇಡ ಎಂದು ಕೈಯಾಡಿಸಿ, ಹಾಡಿದಳು.

ಖಾಲಿ ಡಬ್ಬ ಮೆಟ್ಟಿಲ ಮೇಲೆ ಉರುಳಿದ ಹಾಗಿತ್ತು. ಗದ್ದ ಮೇಲೇರಿದಾಗಲೂ ದನಿ ಇದ್ದಲ್ಲೇ ಇತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಾಬಿನಕ್ಕ ಕುರ್ಚಿಯ ಕೈ ಹಿಡಿದು ನಗುತ್ತಾ, "ಇದನ್ನಾ ನಾವು ಕೋಗಿಲೆ ಅಂದಿದ್ದು!" ಎಂದಳು. ಅಮ್ಮನ ಮುಖ ಕೆಂಪಾಯಿತು, ಬಾಯಿ ನಿಲ್ಲಲಿಲ್ಲ. ನಗುತ್ತಿದ್ದವರ ಕಣ್ಣು ಆ ಬಾಯಿಯ ಮೇಲೇ ಇತ್ತು. ಎರಡನೆಯ ಚರಣಕ್ಕೆ ಅವರ ತುಟಿಗಳು ಅಲುಗಾಡತೊಡಗಿದವು. ಮೂರನೆಯದಕ್ಕೆ, ಅಷ್ಟೇ ಬೇಸೂರಾಗಿ, ಎಲ್ಲರೂ ಹಾಡುತ್ತಿದ್ದರು. ಮಾತು ಮರೆತಲ್ಲಿ ಅಮ್ಮನ ಬಾಯಿ ನೋಡಿ ಹಿಡಿದುಕೊಂಡರು.

ಮುಗಿದ ಮೇಲೆ ಅಮ್ಮ ಸಂಗ್ರಹಕಾರನಿಗೆ ತಂಗಿಯನ್ನು ತೋರಿಸಿದಳು. "ಟೇಪಲ್ಲಿರೋ ದನಿ ಇವಳದು ಕಣಪ್ಪ. ಅಲ್ಲಿ ಇವಳ ಹೆಸರು ಬರಿ."

ಎಲ್ಲರೂ ತಿರುಗಿದರು. ಚಿಕ್ಕಮ್ಮ ನನ್ನ ಹಿಡಿತದಿಂದ ಕೈ ಬಿಡಿಸಿಕೊಂಡು ಕಣ್ಣೊರೆಸಿದಳು.

"ಈಗ ಹೇಳ್ತಾಳೆ ನೋಡು," ಎಂದಳು, "ಹಾಡೋಣ ಅಂದ್ರೆ ಹಲ್ಲಿಲ್ಲದಿರುವಾಗ."

ಆಗಲೇ ನಾನು ಸಂಗ್ರಹಕಾರನ ಮೇಜಿನ ಮೇಲೆ ಉರಿಯುತ್ತಿದ್ದ ಸಣ್ಣ ಕೆಂಪು ದೀಪವನ್ನು ನೋಡಿದ್ದು. ಅಷ್ಟನ್ನೂ ರೆಕಾರ್ಡು ಮಾಡಿಕೊಂಡಿದ್ದಾನೆ. ನಾಳೆ ಅಮ್ಮನ ಈ ದನಿ ಕೇಳಿ ಊರೆಲ್ಲ ನಗುತ್ತದೆ. ನೇರ ಅವನ ಬಳಿ ಹೋಗಿ, ದನಿ ತಗ್ಗಿಸಿ, ಈಗಲೇ ಅಳಿಸಿ ಎಂದೆ. ಹೆಂಗಸರ ಮಾತಿಗೆಂದು ಹಚ್ಚಿಟ್ಟದ್ದು, ತಪ್ಪಾಯಿತು ಎಂದು ಅವನು ಗುಂಡಿಯ ಮೇಲೆ ಬೆರಳಿಟ್ಟ.

ಕೋಣೆಯ ಆ ಕಡೆಯಿಂದ ಅಮ್ಮ ನನ್ನ ತುಟಿಗಳನ್ನು ಓದಿದ್ದಳು.

"ಅಳಿಸಬೇಡಪ್ಪ," ಎಂದಳು. "ನನ್ನ ಹೆಸರು ಅದಕ್ಕೆ ಹಾಕು."

ಅವನು ಬೆರಳು ತೆಗೆದ. ನಿಜವಾಗಿ ಅಳಿಸಿಲ್ಲ ತಾನೇ ಎಂದು, ಮೊದಲಿಂದ ಕೊನೆಯವರೆಗೆ ಹಾಕಿಸಿ ಕೇಳಿದ ಮೇಲೇ ನಾನು ಅಲ್ಲಿಂದ ಕದಲಿದ್ದು.